ಹಳೆಯ ರೂಟರ್‌ಗಳ ಬೀಗ ತೆಗೆಯಿರಿ

ಮಾನ್ಯ ಸಂಪಾದಕರೇ,

ಕಳೆದ ದೀಪಾವಳಿಯ ಹಿಂದಿನ ವಾರ ನಮ್ಮ ಊರಿಗೆ ಬಂದ ಗುಜರಿಯವರ ಗಾಡಿಯಲ್ಲಿ ಒಡೆದ ಕೊಡಪಾನ, ತುಕ್ಕು ಹಿಡಿದ ತಗಡುಗಳ ನಡುವೆ ಮೂರು ವೈಫೈ ರೂಟರ್‌ಗಳು ಬಿದ್ದಿದ್ದವು. ಪ್ಲಾಸ್ಟಿಕ್‌ನ ತೂಕಕ್ಕೆ ಕೊಂಡದ್ದಂತೆ. ಮೂರಕ್ಕೂ ಸೇರಿ ನೂರು ರೂಪಾಯಿ ಕೊಟ್ಟು ಇಳಿಸಿಕೊಂಡೆ. ಎರಡು ಇವತ್ತು ಚೆನ್ನಾಗಿ ಕೆಲಸ ಮಾಡುತ್ತಿವೆ. ಮೂರನೆಯದಕ್ಕೂ ಜೀವ ಇದೆ, ದೀಪಗಳೆಲ್ಲ ಹತ್ತುತ್ತವೆ, ಆದರೆ ಯಾರ ಉಪಯೋಗಕ್ಕೂ ಬರುವಂತಿಲ್ಲ. ಅದನ್ನು ಕೊಟ್ಟ ಇಂಟರ್ನೆಟ್ ಸಂಸ್ಥೆ ಅದಕ್ಕೆ ಗುಪ್ತಪದದ ಬೀಗ ಜಡಿದಿದೆ. ಆ ಬೀಗದ ವಿಷಯವಾಗಿಯೇ ಈ ಪತ್ರ.

ನಾನು ಶಿರಸಿ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆಯವಳು. ವಯಸ್ಸು 57. ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಮದುವೆಯಾಗಿ ಈ ಕಣಿವೆಗೆ ಬಂದೆ. ಮೂವತ್ತು ವರ್ಷ ಪುಸ್ತಕದ ವಿದ್ಯೆಯೆಲ್ಲ ಪುಸ್ತಕದಲ್ಲೇ ಉಳಿಯಿತು. 2020ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿ, ಪಾಠಗಳು ಮೊಬೈಲ್‌ಗೆ ಬಂದಾಗ ಅದಕ್ಕೆ ಮತ್ತೆ ಕೆಲಸ ಬಿತ್ತು.

ನಮ್ಮ ಮನೆಗೆ ಆಗಲೇ ಫೈಬರ್ ಸಂಪರ್ಕ ಬಂದಿತ್ತು. ಮೈದುನನ ಮನೆ ತೋಟದ ಆಚೆ ದಂಡೆಯಲ್ಲಿದೆ, ನೇರವಾಗಿ ಅಳೆದರೆ 600 ಮೀಟರ್. ಅಲ್ಲಿಗೆ ತಂತಿ ಎಳೆಯಬೇಕಾದರೆ ಹಳ್ಳ ದಾಟಿ ಸೊಪ್ಪಿನ ಬೆಟ್ಟವನ್ನು ಸುತ್ತಬೇಕು. ಒಂದು ಮನೆಗಾಗಿ ಅಷ್ಟು ಕಂಬ ನೆಡಲು ಯಾರೂ ಒಪ್ಪಲಿಲ್ಲ. ಮೈದುನನ ಮಗಳು ಆಗ ಪಿಯುಸಿ. ದಿನಾ ಬೆಳಿಗ್ಗೆ ಕೊಡೆ ಹಿಡಿದು, ಕಾಲಿಗೆ ಉಂಬಳಕ್ಕೆಂದು ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡು, ಬೆಟ್ಟದ ನೆತ್ತಿಯ ಬಂಡೆಯ ಮೇಲೆ ಕುಳಿತು ಪಾಠ ಕೇಳುತ್ತಿದ್ದಳು. ಮಲೆನಾಡಿನ ಎಷ್ಟೋ ಮಕ್ಕಳು ಆ ಮಳೆಗಾಲವನ್ನು ಹೀಗೆಯೇ ಕಳೆದರು. ನನಗೆ ಅದನ್ನು ನೋಡಿಕೊಂಡು ಸುಮ್ಮನಿರಲು ಆಗಲಿಲ್ಲ.

ತಂತಿ ಹೋಗದ ಕಡೆ ಗಾಳಿಯಲ್ಲಿ ಹೋಗಬಹುದು ಎಂದು ತಿಳಿದುಕೊಳ್ಳಲು ಒಂದು ತಿಂಗಳು ಹಿಡಿಯಿತು. ನಮ್ಮ ದೇಶದಲ್ಲಿ ವೈಫೈ ಬಳಸುವ ರೇಡಿಯೊ ಅಲೆಗಳ 2.4 ಗಿಗಾಹರ್ಟ್ಜ್ ಪಟ್ಟಿಯನ್ನು 2005ರಲ್ಲೇ ಪರವಾನಗಿಯಿಂದ ಮುಕ್ತಗೊಳಿಸಿದ್ದಾರೆ. 2018ರ ಅಕ್ಟೋಬರ್‌ನಲ್ಲಿ 5 ಗಿಗಾಹರ್ಟ್ಜ್ ಪಟ್ಟಿಯಲ್ಲಿ 605 ಮೆಗಾಹರ್ಟ್ಜ್‌ನಷ್ಟು ಜಾಗವನ್ನೂ ಬಿಟ್ಟುಕೊಟ್ಟರು. ನಿಗದಿಪಡಿಸಿದ ಶಕ್ತಿಯ ಮಿತಿಯೊಳಗೆ ಯಾರು ಬೇಕಾದರೂ, ಯಾರ ಅಪ್ಪಣೆಯನ್ನೂ ಕೇಳದೆ ಬಳಸಬಹುದು. ಈ ಅವಕಾಶ ನಮ್ಮ ಹಳ್ಳಿಗಳವರಿಗೆ ಎಷ್ಟು ದೊಡ್ಡದು ಎಂಬುದು ಹೆಚ್ಚಿನವರಿಗೆ ತಿಳಿದೇ ಇಲ್ಲ. ಒಂದೇ ದಿಕ್ಕಿಗೆ ಅಲೆ ಕಳಿಸುವ ಎರಡು ಸಣ್ಣ ಸಾಧನಗಳನ್ನು ತರಿಸಿ, ಒಂದನ್ನು ನಮ್ಮ ಅಡಿಕೆ ಅಟ್ಟದ ತುದಿಗೆ, ಇನ್ನೊಂದನ್ನು ಅವರ ಕೊಟ್ಟಿಗೆಯ ಮಾಡಿಗೆ ಕಟ್ಟಿದೆವು. ಡಿಸೆಂಬರ್‌ನ ಒಂದು ಮಧ್ಯಾಹ್ನ ಎರಡೂ ಒಂದನ್ನೊಂದು ಗುರುತು ಹಿಡಿದವು. ಫೋನು ಮಾಡುವ ಮೊದಲೇ ಆಚೆ ದಂಡೆಯಿಂದ ಹುಡುಗಿ ಕೂಗಿದ್ದು ನೇರವಾಗಿ ಕೇಳಿಸಿತು.

ಜೂನ್‌ನಲ್ಲಿ ಮಳೆ ಹಿಡಿಯಿತು, ಸಂಪರ್ಕ ಹೋಯಿತು. ಮಳೆ ನಿಂತ ಒಂದೆರಡು ಗಂಟೆ ಬಿಟ್ಟು ಮತ್ತೆ ಬರುತ್ತಿತ್ತು. ಮಳೆ ಹನಿಯೇ ಅಡ್ಡಿ ಎಂದು ನಾನು ತಿಳಿದಿದ್ದೆ. ಆದರೆ 600 ಮೀಟರ್ ದೂರಕ್ಕೆ, ಈ ಆವರ್ತನಕ್ಕೆ ಮಳೆ ಹನಿ ಲೆಕ್ಕಕ್ಕೇ ಇಲ್ಲ. ಉತ್ತರ ಸಿಕ್ಕಿದ್ದು ಅಡಿಕೆ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡರಿಂದ. ಮದ್ದು ಹೊಡೆಯಲು ಮರ ಹತ್ತಿದ್ದವರು ಅಲ್ಲಿಂದಲೇ ನಮ್ಮ ಅಟ್ಟದ ಕಡೆ ನೋಡಿ, ‘ಅಮ್ಮ, ಇಲ್ಲಿಂದ ನಿಮ್ಮ ಡಬ್ಬಿ ಕಾಣುವುದಿಲ್ಲ, ಸೋಗೆ ನೆನೆದು ಜೋತು ಬಿದ್ದಿದೆ’ ಎಂದರು. ಚಳಿಗಾಲದಲ್ಲಿ ಎರಡು ಸೋಗೆಗಳ ಸಂದಿಯಿಂದ ಹಾಯುತ್ತಿದ್ದ ಅಲೆಗೆ ಈಗ ನೀರು ತುಂಬಿದ ಹಸಿರು ಗೋಡೆ ಎದುರಾಗಿತ್ತು.

ಅಷ್ಟರಿಂದಲೂ ಕಥೆ ಮುಗಿಯಲಿಲ್ಲ. ಅಡ್ಡವಿದ್ದ ಸೋಗೆಯನ್ನು ಕಡಿಸಿದೆವು, ಡಬ್ಬಿ ಕಣ್ಣಿಗೆ ನೇರವಾಗಿ ಕಾಣತೊಡಗಿತು, ಆದರೂ ಸಂಪರ್ಕ ಕುಂಟುತ್ತಿತ್ತು. ಆಗ ಹಳೆಯ ಪುಸ್ತಕ ತೆಗೆದೆ. ರೇಡಿಯೊ ಅಲೆ ದಾರದಂತೆ ಒಂದೇ ಎಳೆಯಲ್ಲಿ ಹೋಗುವುದಿಲ್ಲ. ಎರಡು ತುದಿಗಳ ನಡುವೆ ಹಲಸಿನ ಹಣ್ಣಿನ ಹಾಗೆ ಹೊಟ್ಟೆ ಬಿಟ್ಟುಕೊಂಡು ಹೋಗುತ್ತದೆ. ಬೆಳಕಿನ ಬಗ್ಗೆ ಕೆಲಸ ಮಾಡಿದ ಫ್ರೆನೆಲ್ ಎಂಬ ಫ್ರೆಂಚ್ ವಿಜ್ಞಾನಿಯ ಹೆಸರನ್ನೇ ಈ ಹೊಟ್ಟೆಗೂ ಇಟ್ಟಿದ್ದಾರೆ. ನಮ್ಮ 600 ಮೀಟರ್‌ಗೆ, 5.8 ಗಿಗಾಹರ್ಟ್ಜ್‌ಗೆ, ನಟ್ಟನಡುವೆ ಅದರ ತ್ರಿಜ್ಯ 2.8 ಮೀಟರ್. ಅದರಲ್ಲಿ ನೂರಕ್ಕೆ ಅರವತ್ತು ಪಾಲಾದರೂ ಖಾಲಿ ಇರಬೇಕು, ಎಂದರೆ ನೇರ ರೇಖೆಯ ಕೆಳಗೆ ಸುಮಾರು ಐದೂವರೆ ಅಡಿ. ನಮ್ಮ ಮರಗಳ ತಲೆ ಆ ರೇಖೆಗೆ ತಾಗಿಕೊಂಡೇ ಇದ್ದವು. ಒಂದು ತುದಿಯನ್ನು ಮಾತ್ರ 12 ಅಡಿ ಎತ್ತರಿಸಿದರೆ ನಡುವಿನಲ್ಲಿ ದಕ್ಕುವುದು 6 ಅಡಿ. ಹಾಗೆಯೇ ಮಾಡಿದೆವು. ಅಟ್ಟದ ಕಂಬಕ್ಕೆ ಕಬ್ಬಿಣದ ಕೊಳವೆ ಬಿಗಿದು, ಕೊನೆಗೌಡರೇ ಹಗ್ಗದ ಮೂರು ಬಿಗಿತ ಕೊಟ್ಟು ನಿಲ್ಲಿಸಿದರು. ಆಮೇಲೆ ಬಂದ ನಾಲ್ಕು ಮಳೆಗಾಲಗಳಲ್ಲಿ ಅದು ಸೋಗೆಯ ಕಾರಣಕ್ಕೆ ಒಮ್ಮೆಯೂ ನಿಂತಿಲ್ಲ. ಮರಗಳು ಮಾತ್ರ ಬೆಳೆಯುತ್ತಿವೆ, ಇನ್ನೊಂದು ಕೊಳವೆ ಜೋಡಿಸುವ ಕಾಲ ಹತ್ತಿರ ಬರುತ್ತಿದೆ.

ಸಿಡಿಲಿನ ವಿಷಯದಲ್ಲಿ ನಮಗೆ ಪೆಟ್ಟು ಬಿದ್ದಿದೆ. ಫೈಬರ್ ಎಳೆ ಗಾಜು, ಅದರೊಳಗೆ ವಿದ್ಯುತ್ ಹರಿಯದು. ಆದರೆ ಕಂಬದಿಂದ ಕಂಬಕ್ಕೆ ಹೋಗುವ ಕೇಬಲ್‌ಗಳಲ್ಲಿ ಭಾರ ತಡೆಯಲೆಂದು ಉಕ್ಕಿನ ತಂತಿಯೂ ಇರುತ್ತದೆ. ಕೊಳವೆಯ ಮೇಲಿನ ಸಾಧನದಿಂದ ಮನೆಯೊಳಕ್ಕೆ ಇಳಿಯುವುದಂತೂ ಶುದ್ಧ ತಾಮ್ರ. ಒಂದು ಏಪ್ರಿಲ್ ಸಂಜೆ ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಬಡಿದಾಗ ನಮ್ಮ ರೂಟರ್‌ನ ತಂತಿ ಸಿಕ್ಕಿಸುವ ಎರಡು ಕಿಂಡಿಗಳು ಸತ್ತವು. ಅಂದಿನಿಂದ ಕೊಳವೆಗೆ ಪ್ರತ್ಯೇಕ ಭೂಸಂಪರ್ಕ ಕೊಟ್ಟಿದ್ದೇವೆ. ಅದನ್ನೂ ನೆಚ್ಚಿಕೊಳ್ಳದೆ, ದೂರದಲ್ಲಿ ಗುಡುಗಿದ ಮೊದಲ ಸದ್ದಿಗೇ ಎಲ್ಲ ತಂತಿಗಳನ್ನೂ ಕೀಳುತ್ತೇವೆ. ಮಲೆನಾಡಿನ ಮನೆಗಳವರೆಲ್ಲ ಹೀಗೆಯೇ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

ಕರೆಂಟಿನ ಕಥೆ ಎಲ್ಲರಿಗೂ ಗೊತ್ತು. ಗಾಳಿಮಳೆಗೆ ಒಂದು ಮರ ಬಿದ್ದರೆ ಎರಡು ದಿನ ಕತ್ತಲೆ. ಆದರೆ ಮನೆಗೆ ಬರುವ ಫೈಬರ್ ಜಾಲದ ಒಂದು ಗುಣವನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಸಂಸ್ಥೆಯ ಕೇಂದ್ರದಿಂದ ನಮ್ಮ ಮನೆಯವರೆಗಿನ ದಾರಿಯಲ್ಲಿ ಎಲ್ಲಿಯೂ ಕರೆಂಟು ಬೇಡ. ನಡುವೆ ಒಂದು ಎಳೆಯ ಬೆಳಕನ್ನು ಹತ್ತಾರು ಮನೆಗಳಿಗೆ ಹಂಚುವ ಡಬ್ಬಿಯಲ್ಲಿ ಬರೀ ಗಾಜು. ಆ ಕಡೆ ಕೇಂದ್ರದಲ್ಲಿ, ಈ ಕಡೆ ನಮ್ಮ ಮನೆಯಲ್ಲಿ ಕರೆಂಟಿದ್ದರೆ ಸಾಕು. ನಮ್ಮ ಮನೆಯ ಎರಡು ಪೆಟ್ಟಿಗೆಗಳು ಸೇರಿ ಎಳೆಯುವುದು 11 ವ್ಯಾಟ್. 12 ವೋಲ್ಟ್, 7 ಆಂಪಿಯರ್ ಗಂಟೆಯ ಸಣ್ಣ ಬ್ಯಾಟರಿಯಲ್ಲಿ 84 ವ್ಯಾಟ್ ಗಂಟೆಯಷ್ಟು ಶಕ್ತಿ ಇರುತ್ತದೆ. ಅದರ ಬಾಳಿಕೆ ಕೆಡದಂತೆ ಅರ್ಧ ಮಾತ್ರ ಬಳಸಿದರೂ ನಾಲ್ಕು ಗಂಟೆಗೆ ಕೊಂಚ ಕಡಿಮೆ. ಬೆಳಿಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ ಎಂದು ಹಂಚಿಕೊಂಡರೆ ಪರೀಕ್ಷೆಯ ದಿನಗಳು ಸಾಗುತ್ತವೆ. ಒಂದು ಎಚ್ಚರಿಕೆ: ಹಳೆಯ ರೂಟರ್‌ಗಳಲ್ಲಿ ಕೆಲವು 9 ವೋಲ್ಟ್‌ನವು. ಅವುಗಳಿಗೆ 12 ವೋಲ್ಟನ್ನು ನೇರವಾಗಿ ಕೊಡಬೇಡಿ. ವೋಲ್ಟೇಜ್ ಇಳಿಸುವ ಸಣ್ಣ ಬಿಲ್ಲೆ ಅಂಗಡಿಯಲ್ಲಿ ಸಿಗುತ್ತದೆ. ಮೀಟರ್ ಹಿಡಿದು 9ಕ್ಕೆ ತಿರುಗಿಸಿಟ್ಟುಕೊಂಡು, ಆಮೇಲೆ ಜೋಡಿಸಬೇಕು.

ಈಗ ಗುಜರಿಯ ಆ ಮೂರರ ಕಥೆ. ಮೊದಲನೆಯದನ್ನು ಬಿಚ್ಚಿದಾಗ ಒಳಗೆ ಇರುವೆಗಳ ಸಂಸಾರವೇ ಇತ್ತು. ರೂಟರ್ ಸದಾ ಬೆಚ್ಚಗಿರುವುದರಿಂದ ಮಳೆಗಾಲದಲ್ಲಿ ಅವು ಮೊಟ್ಟೆ ಹೊತ್ತುಕೊಂಡು ಬಂದು ಸೇರುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎಲ್ಲವನ್ನೂ ಗುಡಿಸಿದ ಮೇಲೆ ಹಸಿರು ಹಲಗೆಯ ಅಂಚಿನಲ್ಲಿ ಸಾಲಾಗಿ ನಾಲ್ಕು ತೂತುಗಳು ಕಂಡವು. ಸಾಧನ ತಯಾರಿಸುವವರು ಪರೀಕ್ಷೆ ಮಾಡಲು ಬಿಟ್ಟುಕೊಳ್ಳುವ ಬಾಗಿಲು ಅದು. ಮೀಟರ್ ಹಿಡಿದು ನೋಡಿದರೆ ಒಂದು ಭೂಸಂಪರ್ಕ, ಒಂದರಲ್ಲಿ ಸ್ಥಿರವಾಗಿ 3.3 ವೋಲ್ಟ್, ಇನ್ನೊಂದರಲ್ಲಿ ಆರಂಭದ ಕೆಲವು ಸೆಕೆಂಡು ನಡುಗುವ ಮುಳ್ಳು. ನಡುಗುವುದೇ ಮಾತಾಡುವ ತೂತು. ಉಳಿದದ್ದು ಕೇಳುವುದು. ಮೂರು ತಂತಿಗಳನ್ನು ಬೆಸೆದೆ. ರಾಳದ ಹೊಗೆ ಊದುಬತ್ತಿಯಂತೆ ಅಡುಗೆಮನೆಯವರೆಗೂ ಹೋಯಿತು. ಅದರ ಮಾತಾಡುವ ತೂತಿಗೆ ಕಂಪ್ಯೂಟರ್‌ನ ಕೇಳುವ ತಂತಿ, ಅದರ ಕೇಳುವ ತೂತಿಗೆ ಕಂಪ್ಯೂಟರ್‌ನ ಮಾತಾಡುವ ತಂತಿ, ಹೀಗೆ ಅಡ್ಡಡ್ಡ ಜೋಡಿಸಬೇಕು. ಸೆಕೆಂಡಿಗೆ 115200 ಬಿಟ್‌ಗಳ ವೇಗಕ್ಕೆ ಹೊಂದಿಸಿ ಕರೆಂಟು ಕೊಟ್ಟೆ.

ಕಪ್ಪು ಪರದೆಯ ಮೇಲೆ ಸಾಲುಸಾಲಾಗಿ ಅಕ್ಷರಗಳು ಇಳಿದವು. ತನ್ನ ಪ್ರೊಸೆಸರ್ ಯಾವುದು, ನೆನಪಿನ ಶಕ್ತಿ ಎಷ್ಟು, ಎಲ್ಲವನ್ನೂ ಆ ಪೆಟ್ಟಿಗೆ ತಾನಾಗಿಯೇ ಹೇಳಿಕೊಳ್ಳುತ್ತಿತ್ತು. ನಾಲ್ಕು ವರ್ಷ ಯಾರದೋ ಮನೆಯ ಗೋಡೆಯ ಮೇಲೆ ಮೂಕವಾಗಿದ್ದು, ಕೊನೆಗೆ ಕೊಡಪಾನದ ಜೊತೆ ತೂಕಕ್ಕೆ ಬಿದ್ದ ವಸ್ತು. ಆ ಸಾಲುಗಳನ್ನು ಓದುವಾಗ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ. ಕೊನೆಗೆ ಪೆಟ್ಟಿಗೆ ಮೂರರಿಂದ ಕೆಳಗೆ ಎಣಿಸತೊಡಗುತ್ತದೆ. ಅಷ್ಟರೊಳಗೆ ಒಂದು ಕೀಲಿ ಒತ್ತಿದರೆ ನಿಂತು, ಏನು ಮಾಡಲಿ ಎಂದು ಕೇಳುತ್ತದೆ. ಆಗ ಹೊಸ ತಂತ್ರಾಂಶವನ್ನು ಒಳಗೆ ಕಳಿಸಬಹುದು.

ಹಾಗೆ ಕಳಿಸಿದ್ದು, ರೂಟರ್‌ಗಳಿಗೆಂದೇ ಮಾಡಿದ ಮುಕ್ತ ತಂತ್ರಾಂಶವಾದ ಓಪನ್‌ಡಬ್ಲ್ಯೂಆರ್‌ಟಿ. ಅದರ ಹುಟ್ಟು ಈ ಪತ್ರದ ವಿಷಯಕ್ಕೆ ಸಂಬಂಧಿಸಿದ್ದರಿಂದ ಹೇಳುತ್ತೇನೆ. 2002ರ ಕೊನೆಗೆ ಲಿಂಕ್‌ಸಿಸ್ ಸಂಸ್ಥೆ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ ಕಪ್ಪು ಬಣ್ಣದ ರೂಟರನ್ನು ಮಾರುಕಟ್ಟೆಗೆ ಬಿಟ್ಟಿತು. ಅದರೊಳಗಿದ್ದದ್ದು ಲಿನಕ್ಸ್ ಎಂಬ ಮುಕ್ತ ತಂತ್ರಾಂಶ. ಲಿನಕ್ಸನ್ನು ಬಳಸಿ ಮಾರಿದವರು ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಕೊಂಡವರಿಗೂ ಕೊಡಬೇಕೆಂಬುದು ಅದರ ಪರವಾನಗಿಯ ಷರತ್ತು. ಹವ್ಯಾಸಿಗಳು ಅದನ್ನು ಪತ್ತೆ ಹಚ್ಚಿ ಕೇಳಿದ ಮೇಲೆ 2003ರಲ್ಲಿ ಸಂಕೇತ ಹೊರಬಂತು. ಮರು ವರ್ಷವೇ ಅದರ ಆಧಾರದ ಮೇಲೆ ಓಪನ್‌ಡಬ್ಲ್ಯೂಆರ್‌ಟಿ ಶುರುವಾಯಿತು. ಇಂದು ಜಗತ್ತಿನ ಎಷ್ಟೋ ಹಳೆಯ ರೂಟರ್‌ಗಳು, ತಯಾರಕರು ಕೈಬಿಟ್ಟ ಮೇಲೂ, ಅದರ ಬಲದಿಂದ ಬದುಕಿವೆ. ಕೊಂಡವರು ತಮ್ಮ ಹಕ್ಕು ಕೇಳಿದ್ದರಿಂದ ಆದ ಕೆಲಸ ಇದು.

ಮೊದಲನೆಯ ರೂಟರ್ ಈಗ ನಮ್ಮ ಅಡಿಕೆ ಬೇಯಿಸುವ ಒಲೆಮನೆಯಲ್ಲಿದೆ. ನಮ್ಮದು ಎರಡಡಿ ದಪ್ಪದ ಚಿರೇಕಲ್ಲಿನ ಗೋಡೆ. ಮಳೆಗಾಲದಲ್ಲಿ ನೀರು ಕುಡಿದು ನಿಂತಿತೆಂದರೆ ಜಗಲಿಯ ವೈಫೈ ಅದನ್ನು ದಾಟುವುದೇ ಇಲ್ಲ. ಅದಕ್ಕೆಂದು ಅಲ್ಲಿಯವರೆಗೆ ತಂತಿ ಎಳೆದು ಇದನ್ನು ಕೂರಿಸಿದೆ. ಎರಡನೆಯದನ್ನು ನಮ್ಮ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಎಂದರೆ ಗ್ರಂಥಾಲಯಕ್ಕೆ, ಕೊಟ್ಟೆ. ಅಲ್ಲಿನ ಕಂಪ್ಯೂಟರ್ ಇರುವ ಕೋಣೆಗೂ ಮಕ್ಕಳು ಕೂರುವ ಹೊರಗಿನ ಜಗಲಿಗೂ ಈಗ ಒಂದೇ ಜಾಲ.

ಮೂರನೆಯದಕ್ಕೂ ಅದೇ ನಾಲ್ಕು ತೂತು, ಅದೇ ಮೂರು ತಂತಿ. ಎಣಿಕೆ ಶುರುವಾಗುವ ಜಾಗದಲ್ಲಿ ಅದು ಗುಪ್ತಪದ ಕೇಳಿ ನಿಂತಿತು. ಅದೇ ಮಾದರಿಯ ಇನ್ನೊಂದು ಪೆಟ್ಟಿಗೆ ನನ್ನ ಅಟ್ಟದ ಮೇಲೂ ಇದೆ. ಅದು ನಮ್ಮ ಮನೆಗೆ ಮೊದಲು ಸಂಪರ್ಕ ಕೊಟ್ಟ ಸಂಸ್ಥೆಯದು. ಸಾಧನದ ಬೆಲೆ ಎಂದು ರಸೀದಿಯಲ್ಲಿ ಬರೆದೇ ಹಣ ಪಡೆದಿದ್ದರು. ಸಂಪರ್ಕ ಬದಲಿಸಿದಾಗ ‘ಪೆಟ್ಟಿಗೆ ನಿಮ್ಮದೇ, ಇಟ್ಟುಕೊಳ್ಳಿ’ ಎಂದರು. ಹಾಗಾದರೆ ಅದರ ಗುಪ್ತಪದ ಕೊಡಿ ಎಂದು ಕೇಳಿದೆ. ಮೂರು ಬಾರಿ ಫೋನು ಮಾಡಿದೆ, ಎರಡು ಬಾರಿ ಪತ್ರ ಬರೆದೆ. ‘ಹಾಗೆ ಕೊಡುವ ಪದ್ಧತಿ ಇಲ್ಲ’ ಎಂಬ ಒಂದೇ ಉತ್ತರ. ಮನೆ ಮಾರಿ ಬೀಗದ ಕೈಯನ್ನು ತನ್ನಲ್ಲೇ ಇಟ್ಟುಕೊಳ್ಳುವುದನ್ನು ನಾವು ವ್ಯಾಪಾರ ಎನ್ನುತ್ತೇವೆಯೇ?

ಸಂಸ್ಥೆಗಳ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಫೈಬರ್‌ನ ಒಂದೇ ಎಳೆಯನ್ನು 32 ಅಥವಾ 64 ಮನೆಗಳು ಹಂಚಿಕೊಂಡಿರುತ್ತವೆ. ಪ್ರತಿ ಪೆಟ್ಟಿಗೆಯೂ ತನ್ನ ಸರದಿ ಬಂದಾಗ ಮಾತ್ರ ಬೆಳಕು ಚೆಲ್ಲಬೇಕು. ಒಂದು ಮನೆಯ ಪೆಟ್ಟಿಗೆ ಸರದಿ ತಪ್ಪಿ ಬೆಳಗುತ್ತಲೇ ಇದ್ದರೆ ಉಳಿದ ಎಲ್ಲ ಮನೆಗಳ ಸಂಪರ್ಕ ಕೆಡುತ್ತದೆ. ಆದ್ದರಿಂದ ಬೆಳಕಿನ ಭಾಗಕ್ಕೆ, ಸಂಪರ್ಕ ಚಾಲ್ತಿಯಲ್ಲಿರುವವರೆಗೆ, ಬೀಗ ಇರಲಿ. ಅದು ನ್ಯಾಯ. ಆದರೆ ವೈಫೈ ಭಾಗಕ್ಕೂ, ಸಂಪರ್ಕ ಕಡಿದ ಮೇಲೂ, ಹಣ ಕೊಟ್ಟು ಕೊಂಡ ಪೆಟ್ಟಿಗೆಗೂ ಅದೇ ಬೀಗ ಏಕೆ?

ಬೀಗ ಹಾಕಿದ ಪೆಟ್ಟಿಗೆ ಸುರಕ್ಷಿತ ಎಂಬ ನಂಬಿಕೆಯೂ ತಪ್ಪು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಮನೆಮನೆಗಳ ಕ್ಯಾಮೆರಾ, ರೂಟರ್‌ಗಳೊಳಗೆ ಹೊಕ್ಕಿತು. ಅದಕ್ಕೆ ದಾರಿಯಾದದ್ದು ಕಾರ್ಖಾನೆಯಿಂದ ಬರುವಾಗಲೇ ಇಟ್ಟಿದ್ದ, ಯಾರೂ ಬದಲಿಸದ ಗುಪ್ತಪದಗಳು. ಆ ವರ್ಷದ ಅಕ್ಟೋಬರ್ 21ರಂದು ಹಾಗೆ ವಶವಾದ ಸಾಧನಗಳೆಲ್ಲ ಒಟ್ಟಾಗಿ ಎರಗಿ ಅಮೆರಿಕದ ದೊಡ್ಡ ದೊಡ್ಡ ಜಾಲತಾಣಗಳನ್ನೇ ಗಂಟೆಗಟ್ಟಲೆ ಮಲಗಿಸಿದವು. ತಯಾರಕರು ತಿದ್ದುಪಡಿ ಕಳಿಸುವುದನ್ನು ನಿಲ್ಲಿಸಿದ ಪೆಟ್ಟಿಗೆಯನ್ನು ಅದರ ಒಡೆಯರೂ ತಿದ್ದಲಾಗದಂತೆ ಮುಚ್ಚಿಟ್ಟರೆ, ಅದು ಊರಿಗೇ ಅಪಾಯ.

ನಾನು ಧಾರವಾಡದಲ್ಲಿ ಓದುತ್ತಿದ್ದಾಗ, 1986ರಲ್ಲಿ, ಹತ್ತಿರದ ಕಿತ್ತೂರಿನಲ್ಲಿ ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ ಮೊದಲ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ ಶುರುವಾಯಿತು. 128 ಕಿಂಡಿಗಳ ಆ ಯಂತ್ರವನ್ನು ಹವಾನಿಯಂತ್ರಣವಿಲ್ಲದೆ, ನಮ್ಮ ಧೂಳು ಸೆಕೆಗಳಲ್ಲಿ ನಡೆಯುವಂತೆ ನಮ್ಮ ಎಂಜಿನಿಯರುಗಳೇ ಕಟ್ಟಿದ್ದರು. ನಮ್ಮ ಪ್ರಾಧ್ಯಾಪಕರು ಅಂದಿನ ತರಗತಿಯಲ್ಲಿ ಪಾಠ ಬಿಟ್ಟು ಅದರ ಬಗ್ಗೆಯೇ ಮಾತಾಡಿದ್ದು ನನಗೆ ನೆನಪಿದೆ. ಹಳ್ಳಿಗೆ ಬೇಕಾದ ಯಂತ್ರವನ್ನು ಹಳ್ಳಿಯ ಹವೆಗೆ ತಕ್ಕಂತೆ ಮಾಡುವ ಆ ಕಾಳಜಿ ಮನೆಯೊಳಗಿನ ಈ ಸಣ್ಣ ಪೆಟ್ಟಿಗೆಗೂ ಬೇಕು.

ದೂರಸಂಪರ್ಕ ಇಲಾಖೆ ಮತ್ತು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ನನ್ನ ವಿನಂತಿ ಇಷ್ಟು. ಗ್ರಾಹಕರು ಬೆಲೆ ಕೊಟ್ಟು ಕೊಂಡ ಸಾಧನದ ಗುಪ್ತಪದವನ್ನು, ಸಂಪರ್ಕ ಕೊನೆಗೊಂಡ ದಿನ, ಕೇಳಿದ ಕೂಡಲೇ ಕೊಡಬೇಕೆಂದು ನಿಯಮ ಮಾಡಿ. ಕೊಡಲು ಮನಸ್ಸಿಲ್ಲದ ಸಂಸ್ಥೆ ಸಾಧನವನ್ನು ಮನೆಬಾಗಿಲಿಂದ ಒಯ್ದು, ಪಡೆದ ಹಣ ಹಿಂದಿರುಗಿಸಲಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ವಿದ್ಯುನ್ಮಾನ ವಸ್ತುಗಳ ಕೊನೆಗಾಲದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ಹಳೆಯ ರೂಟರ್ ಹೊತ್ತೊಯ್ಯಲು ನಮ್ಮ ಹಳ್ಳಿಗೆ ಗುಜರಿ ಗಾಡಿಯೊಂದನ್ನು ಬಿಟ್ಟು ಬೇರಾವ ಗಾಡಿಯೂ ಬಂದದ್ದನ್ನು ನಾನು ಕಂಡಿಲ್ಲ.

ಓದುಗರಲ್ಲಿಯೂ ಒಂದು ಕೋರಿಕೆ. ಸಂಪರ್ಕ ಬದಲಿಸಿದಾಗ ಹಳೆಯ ಪೆಟ್ಟಿಗೆಯನ್ನು ಅದರ ಚಾರ್ಜರ್ ಸಮೇತ ಕಟ್ಟಿಟ್ಟು, ನಿಮ್ಮ ಊರಿನ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಿಗೋ ಅರಿವು ಕೇಂದ್ರಕ್ಕೋ ಕೊಡಿ. ಕೊಡುವ ಮೊದಲು ಹಿಂಬದಿಯ ಸಣ್ಣ ತೂತಿಗೆ ಸೂಜಿ ಚುಚ್ಚಿ ಹತ್ತು ಸೆಕೆಂಡು ಒತ್ತಿ ಹಿಡಿದರೆ ನಿಮ್ಮ ಮನೆಯ ವಿವರಗಳು ಅಳಿಸಿಹೋಗುತ್ತವೆ. ಚಾರ್ಜರ್ ಮರೆಯಬೇಡಿ, ಅದಿಲ್ಲದೆ ಬಂದವೇ ಹೆಚ್ಚು.

ಬಂಡೆಯ ಮೇಲೆ ಕುಳಿತು ಪಾಠ ಕೇಳಿದ ಹುಡುಗಿ ಈಗ ಎಂಜಿನಿಯರಿಂಗ್ ಮುಗಿಸುತ್ತಿದ್ದಾಳೆ. ರಜೆಗೆ ಬಂದಾಗ ಆ ಮೂರನೆಯ ಪೆಟ್ಟಿಗೆಯ ಮುಂದೆ ನಾವಿಬ್ಬರೂ ಕೂರುತ್ತೇವೆ. ಅದರ ನೆನಪಿನ ಬಿಲ್ಲೆಯನ್ನೇ ಹಲಗೆಯಿಂದ ಬಿಡಿಸಿ ಬೇರೆಯಾಗಿ ಬರೆದರೆ ಬೀಗ ತಪ್ಪುತ್ತದೆ ಎಂದು ಅವಳು ಹೇಳುತ್ತಾಳೆ. ಕೈ ತಪ್ಪಿದರೆ ಹಲಗೆಯೇ ಹೋದೀತು. ಮೇ ತಿಂಗಳವರೆಗೆ ಆ ಸಂಸ್ಥೆಯ ಉತ್ತರಕ್ಕೆ ಕಾಯುವುದೆಂದು ಮಾತಾಡಿಕೊಂಡಿದ್ದೇವೆ. ನಾನು ಮೂರನೆಯ ಪತ್ರ ಬರೆದಿದ್ದೇನೆ.

— ಶಿರಸಿ ತಾಲ್ಲೂಕಿನ ಒಬ್ಬ ಓದುಗಿ